ಸಾಸೇಜ್ ಹದಗೆಟ್ಟಾಗ: ರೆಸ್ಟೋರೆಂಟ್ ಅಡುಗೆಮನೆಗೊಂದು ದೋಷ ನಿವಾರಣೆ ಕೈಪಿಡಿ

ಸಾಸೇಜ್ ತಟ್ಟೆಯಲ್ಲೇ ಪುಡಿಪುಡಿಯಾಯಿತು, ಚಾಕು ಇಟ್ಟೊಡನೆ ಜಿಡ್ಡು ಹರಿಯಿತು, ಹೊದಿಕೆ ಜಗಿದಷ್ಟೂ ಹರಿಯಲಿಲ್ಲ. ಇಂಥ ದೂರು ಬಂದಾಗ ಬೈಸಿಕೊಳ್ಳುವವರು ಗ್ರಿಲ್ ಮುಂದೆ ನಿಂತವರು. ದೋಷ ಹುಟ್ಟಿರುವುದು ಮಾತ್ರ ಬಹುಪಾಲು ಅದಕ್ಕೂ ಹಿಂದೆ, ಮಾಂಸ ಕೊಚ್ಚುವಾಗ ಇಲ್ಲವೇ ಕಲಸುವಾಗ. ಇನ್ನೂ ಹಿಂದೆ ಹೋದರೆ, ಮೆನು ಬರೆದಾಗಲೇ ಅದಕ್ಕೆ ದಾರಿಯಾಗಿರುತ್ತದೆ. ಒಂದು ದೋಷ ಒಂದೇ ಸಲ ಕಂಡರೆ ಅದು ಕೈಕೆಲಸದ ತಪ್ಪು. ಈ ವಾರ ಒಂದು ಬಗೆಯಲ್ಲಿ, ಮುಂದಿನ ವಾರ ಇನ್ನೊಂದು ಬಗೆಯಲ್ಲಿ ಬೇರೆ ಬೇರೆ ದೋಷ ಕಾಣುತ್ತಿದ್ದರೆ, ಆ ಅಡುಗೆಮನೆ ತನ್ನ ಕೈಗೆ ನಿಲುಕದಷ್ಟು ಬಗೆಗಳನ್ನು ಮೆನುವಿನಲ್ಲಿ ಹೊತ್ತುಕೊಂಡಿದೆ ಎಂದೇ ಅರ್ಥ.

ದೋಷದ ಜಾಗ ಹಿಡಿಯುವ ಎರಡು ಪರೀಕ್ಷೆ

ಮಸಾಲೆ ಬದಲಿಸುವ ಮೊದಲು, ಕಸುಬಿನವರನ್ನು ಬದಲಿಸುವ ಮೊದಲು, ಈ ಎರಡನ್ನು ಮಾಡಿ. ಚುಚ್ಚುವ ಥರ್ಮಾಮೀಟರ್ ಮತ್ತು ಗ್ರಾಂ ಲೆಕ್ಕ ತೋರಿಸುವ ತಕ್ಕಡಿ ಇದ್ದರೆ ಸಾಕು. ಐಸ್ ಪುಡಿಗೆ ಸ್ವಲ್ಪ ನೀರು ಸೇರಿಸಿ ಥರ್ಮಾಮೀಟರ್ ಅದ್ದಿ ನೋಡಿ. 0 ಡಿಗ್ರಿ ತೋರಿಸದಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬಬೇಡಿ. (ಇಲ್ಲಿನ ಡಿಗ್ರಿಗಳೆಲ್ಲ ಸೆಲ್ಸಿಯಸ್.)

ಮೊದಲನೆಯದು ಬಿಲ್ಲೆ ಪರೀಕ್ಷೆ. ಕಲಸಿದ ಮಿಶ್ರಣವನ್ನು ಕೇಸಿಂಗ್‌ಗೆ, ಅಂದರೆ ಸಾಸೇಜ್‌ನ ಹೊದಿಕೆಗೆ, ತುಂಬುವ ಮುಂಚೆ 50 ಗ್ರಾಂ ತೆಗೆದು, ಒಂದೂವರೆ ಸೆಂಟಿಮೀಟರ್ ದಪ್ಪದ ಬಿಲ್ಲೆ ತಟ್ಟಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಬೆಂದ ಬಿಲ್ಲೆಯನ್ನು ಮುರಿದರೆ ಒಳಗೆ ಎಳೆ ಎಳೆಯಾಗಿ ಹಿಡಿದುಕೊಂಡಿರಬೇಕು, ಬಾಣಲೆಯಲ್ಲಿ ಉಳಿದ ಜಿಡ್ಡು ಒಂದು ಚಮಚ ಮೀರಬಾರದು. ಉಪ್ಪು, ಮಸಾಲೆ ನೋಡುವುದಕ್ಕೂ ಇದೇ ಹೊತ್ತು. ತುಂಬಿಯಾದ ಮೇಲೆ ಉಪ್ಪು ಕಡಿಮೆಯಾಯಿತೆಂದು ಗೊತ್ತಾದರೆ ಮಾಡುವುದೇನೂ ಇಲ್ಲ.

ಎರಡನೆಯದು ನೀರಿನ ಪರೀಕ್ಷೆ. ಒಂದೇ ಮಿಶ್ರಣದ ಎರಡು ಸಾಸೇಜ್‌ಗಳ ಹಸಿ ತೂಕ ಬರೆದಿಟ್ಟುಕೊಳ್ಳಿ. ಒಂದನ್ನು 75ರಿಂದ 80 ಡಿಗ್ರಿಯ ನೀರಿನಲ್ಲಿಟ್ಟು ನಡುಭಾಗ 71 ಡಿಗ್ರಿ ಮುಟ್ಟುವ ತನಕ ಬೇಯಿಸಿ. ಇನ್ನೊಂದನ್ನು ದಿನನಿತ್ಯದಂತೆ ಗ್ರಿಲ್ ಮೇಲೆ ಮಾಡಿ. ಎರಡನ್ನೂ ಮತ್ತೆ ತೂಗಿ, ಕತ್ತರಿಸಿ ಪಕ್ಕಪಕ್ಕ ಇಟ್ಟು ನೋಡಿ.

ಈಗ ಜಾಗ ಸಿಗುತ್ತದೆ. ಬಿಲ್ಲೆಯೇ ಕೆಟ್ಟಿದ್ದರೆ ದೋಷ ಅಳತೆಯಲ್ಲಿ, ಕೊಚ್ಚುವುದರಲ್ಲಿ ಅಥವಾ ಕಲಸುವುದರಲ್ಲಿ. ಬಿಲ್ಲೆ ಚೆನ್ನಾಗಿದ್ದು ಎರಡೂ ಸಾಸೇಜ್ ಕೆಟ್ಟರೆ ತುಂಬುವುದರಲ್ಲಿ, ಕೇಸಿಂಗ್‌ನಲ್ಲಿ ಅಥವಾ ಇಟ್ಟ ಜಾಗದಲ್ಲಿ. ನೀರಿನಲ್ಲಿ ಬೆಂದದ್ದು ಚೆನ್ನಾಗಿದ್ದು ಗ್ರಿಲ್‌ನದು ಮಾತ್ರ ಕೆಟ್ಟಿದ್ದರೆ, ಆಗ ಗ್ರಿಲ್ ಮುಂದೆ ನಿಂತವರನ್ನು ಕೇಳಬಹುದು.

ಒಳಗೆ ಪುಡಿಪುಡಿ, ಬಾಯಿಗೆ ಒಣಕಲು

ಅತಿ ಹೆಚ್ಚು ಕಾಣುವ ದೋಷ ಇದು. ನೆಣ ಕಡಿಮೆಯಾಯಿತೆಂದು ಇನ್ನಷ್ಟು ನೆಣ ಸೇರಿಸಿ ಸರಿಮಾಡಲು ಹೋಗುವವರು ಬಹಳ. ಮೂಲ ಕಾರಣ ಮಾಂಸ ತನ್ನನ್ನು ತಾನು ಹಿಡಿದುಕೊಳ್ಳದಿರುವುದು. ಮಾಂಸದಲ್ಲಿ ಮಯೋಸಿನ್ ಎಂಬ ಪ್ರೋಟೀನ್ ಇದೆ. ಉಪ್ಪು ಬಿದ್ದಾಗ ಅದು ನಾರಿನಿಂದ ಬಿಡಿಸಿಕೊಂಡು ಹೊರಬರುತ್ತದೆ, ಕಲಸಿದಾಗ ಜಿಗುಟಾಗುತ್ತದೆ, ಬೆಂದಾಗ ಗಟ್ಟಿಯಾಗಿ ನೀರನ್ನೂ ನೆಣವನ್ನೂ ತನ್ನೊಳಗೆ ಕಟ್ಟಿಹಾಕುತ್ತದೆ. ಈ ಅಂಟು ಹುಟ್ಟಲು ಮೂರೂ ಬೇಕು: ಸಾಕಷ್ಟು ಉಪ್ಪು, ಸಾಕಷ್ಟು ಕಲಸುವಿಕೆ, ತಂಪು.

ಉಪ್ಪು ಮಾಂಸ ಮತ್ತು ನೆಣದ ಒಟ್ಟು ತೂಕದ ಶೇ 1.6ರಿಂದ 1.8 ಇರಲಿ, ಅಂದರೆ ಕಿಲೋಗೆ 16ರಿಂದ 18 ಗ್ರಾಂ. ಶೇ 1.3ಕ್ಕಿಂತ ಇಳಿದರೆ ರುಚಿ ಒಪ್ಪಿದರೂ ಅಂಟು ಬರುವುದಿಲ್ಲ. ಚಮಚದ ಲೆಕ್ಕ ಬಿಟ್ಟುಬಿಡಿ. ಪುಡಿ ಉಪ್ಪು ಮತ್ತು ಹರಳುಪ್ಪು ಒಂದೇ ಚಮಚದಲ್ಲಿ ಅಳೆದರೆ ತೂಕದಲ್ಲಿ ಬಹಳ ವ್ಯತ್ಯಾಸ ಬರುತ್ತದೆ. ಅಡುಗೆಯವರು ಬದಲಾದ ದಿನವೇ ಸಾಸೇಜ್ ಬದಲಾಗುವುದಕ್ಕೆ ಎಷ್ಟೋ ಕಡೆ ಈ ಚಮಚವೇ ಕಾರಣ. ಹೊತ್ತಿದ್ದರೆ ಮಾಂಸದ ತುಂಡುಗಳಿಗೆ ಹಿಂದಿನ ದಿನವೇ ಉಪ್ಪು ಹಚ್ಚಿ ಫ್ರಿಜ್‌ನಲ್ಲಿಡಿ. 12ರಿಂದ 24 ಗಂಟೆಯಲ್ಲಿ ಉಪ್ಪು ತನ್ನ ಅರ್ಧ ಕೆಲಸ ಮುಗಿಸಿರುತ್ತದೆ.

ಕಲಸುವಾಗ ಗಡಿಯಾರಕ್ಕಿಂತ ಕೈಯನ್ನು ನಂಬಿ. ಐದು ಕಿಲೋಗೆ ಮಿಕ್ಸರ್‌ನ ಪ್ಯಾಡಲ್ ಹಾಕಿ ನಿಧಾನ ವೇಗದಲ್ಲಿ ಒಂದೆರಡು ನಿಮಿಷ, ಕೈಯಲ್ಲಾದರೆ ನಾಲ್ಕೈದು ನಿಮಿಷ ಬೇಕಾಗುತ್ತದೆ. ಒಂದು ಹಿಡಿ ಮಿಶ್ರಣವನ್ನು ಅಂಗೈಗೆ ಒತ್ತಿ ಕೈ ಮಗುಚಿ. ಬೀಳದೆ ಅಂಟಿಕೊಂಡರೆ, ಎರಡು ಬೆರಳಿನಲ್ಲಿ ಎಳೆದಾಗ ನೂಲಿನಂಥ ಎಳೆ ಕಂಡರೆ, ಹದ ಬಂದಿದೆ. ತಣ್ಣೀರನ್ನು ಮಾಂಸದ ತೂಕದ ಶೇ 5ರಿಂದ 10ರಷ್ಟು, ಎರಡು ಮೂರು ಸಲವಾಗಿ, ಕಲಸುತ್ತಲೇ ಹಾಕಿ. ನೀರು ಮೇಲೆ ತೇಲುತ್ತಿದ್ದರೆ ಇನ್ನೂ ಕಲಸಬೇಕು ಎಂದರ್ಥ.

ಈ ಎಲ್ಲ ಸರಿಯಿದ್ದೂ ಒಣಗಿದರೆ ನೆಣದ ಲೆಕ್ಕ ನೋಡಿ. ಒಟ್ಟಿನಲ್ಲಿ ಶೇ 25ರಿಂದ 30 ನೆಣ ಇರಬೇಕು, ಮಾಂಸದೊಳಗಿನ ನೆಣವೂ ಸೇರಿ. ಎಡವುವುದು ಇಲ್ಲೇ. ನೆಣವಿಲ್ಲದಂತೆ ಚೊಕ್ಕಮಾಡಿದ ಹಂದಿ ಭುಜದಲ್ಲೂ ಶೇ 12ರಷ್ಟು ನೆಣ ಇದೆ ಎಂದುಕೊಳ್ಳಿ. ಅಂಥದ್ದು 4 ಕಿಲೋಗೆ 1 ಕಿಲೋ ಬೆನ್ನಿನ ನೆಣ ಸೇರಿಸಿದರೆ ಒಟ್ಟು ಶೇ 27ರ ಆಸುಪಾಸಿಗೆ ಬರುತ್ತದೆ, ಚೆನ್ನಾಗಿರುತ್ತದೆ. ಅದೇ ಅಳತೆಗೆ ಶೇ 25 ನೆಣವಿರುವ ಭುಜ ಹಾಕಿದರೆ ಒಟ್ಟು ಶೇ 38 ತಲುಪುತ್ತದೆ, ಯಾವ ಅಂಟೂ ಅಷ್ಟನ್ನು ಹಿಡಿಯಲಾರದು. ಮಾಂಸ ತರುವ ಅಂಗಡಿ ಬದಲಾದಾಗ, ಭುಜದ ಬದಲು ಬೇರೆ ಭಾಗ ಬಂದಾಗ ಈ ಲೆಕ್ಕವನ್ನು ಹೊಸದಾಗಿ ಮಾಡಿ.

ನಡುಭಾಗ 75 ಡಿಗ್ರಿ ದಾಟುವವರೆಗೆ ಬೇಯಿಸಿದರೆ ಎಷ್ಟು ಒಳ್ಳೆಯ ಮಿಶ್ರಣವೂ ರಸ ಕಳೆದುಕೊಳ್ಳುತ್ತದೆ. ಹಂದಿ, ದನ, ಕುರಿಗೆ 71, ಕೋಳಿಗೆ 74 ಡಿಗ್ರಿ ಸಾಕು, ಅದಕ್ಕಿಂತ ಕಡಿಮೆಯೂ ಬೇಡ. ಬೆಂದ ಮೇಲೆ ತೂಕ ಕಾಲು ಭಾಗದಷ್ಟು ಇಳಿದಿದ್ದರೆ ಮಿಶ್ರಣದಲ್ಲೋ ಉರಿಯಲ್ಲೋ ದೋಷವಿದೆ.

ನೆಣ ಬಸಿದು ಹೋಗುವುದು

ಕತ್ತರಿಸಿದೊಡನೆ ಜಿಡ್ಡು ಹರಿದು, ಉಳಿದ ಮಾಂಸ ಮರಳು ಮರಳಾಗಿದ್ದರೆ ಅದು ನೆಣ ಮೆತ್ತಿಕೊಂಡ ಗುರುತು. ನೆಣ ಕಾಳುಕಾಳಾಗಿ ಉಳಿಯಬೇಕಿತ್ತು. ಬಿಸಿಯಾಗಿ ಕರಗುವ ಹಾದಿ ಹಿಡಿದು, ಮಾಂಸದ ಪ್ರತಿ ಚೂರಿಗೂ ಜಿಡ್ಡಿನ ಪದರ ಬಳಿದಿದೆ. ಜಿಡ್ಡು ಬಳಿದ ಮಾಂಸಕ್ಕೆ ಉಪ್ಪೂ ತಾಗುವುದಿಲ್ಲ, ಒಂದಕ್ಕೊಂದು ಅಂಟುವುದೂ ಇಲ್ಲ. ಹಾಗಾಗಿ ಮೇಲಿನ ಪುಡಿಪುಡಿ ದೋಷಕ್ಕೂ ಎಷ್ಟೋ ಸಲ ಇದೇ ತಾಯಿಬೇರು.

ಮಾಂಸ ಕೊಚ್ಚುವ ಯಂತ್ರದ, ಅಂದರೆ ಗ್ರೈಂಡರ್‌ನ, ಬಾಯಿ ನೋಡಿದರೆ ಗೊತ್ತಾಗುತ್ತದೆ. ಸರಿಯಾದ ಕೀಮಾ ಪ್ಲೇಟಿನ ತೂತುಗಳಿಂದ ಬಿಡಿಬಿಡಿ ಎಳೆಯಾಗಿ, ಕೆಂಪು ಬೇರೆ ಬಿಳಿ ಬೇರೆಯಾಗಿ ಬೀಳುತ್ತದೆ. ಗುಲಾಬಿ ಬಣ್ಣದ ಮುದ್ದೆ ಹೊರಬರುತ್ತಿದ್ದರೆ ಆ ಕ್ಷಣ ಯಂತ್ರ ನಿಲ್ಲಿಸಿ. ಬ್ಲೇಡ್ ತೆಗೆದು ನೋಡಿದರೆ ನರದ ಎಳೆಗಳು ಸುತ್ತಿಕೊಂಡಿರಬಹುದು. ತೆಗೆದು ತೊಳೆಯಿರಿ. ಬ್ಲೇಡಿನ ಚಪ್ಪಟೆ ಮೈ, ಹರಿತವಾದ ಅಂಚು ಇರುವ ಮೈ, ಪ್ಲೇಟಿಗೆ ತಾಗುವಂತೆ ಇದೆಯೇ ನೋಡಿ. ತಿರುವುಮುರುವಾಗಿ ಹಾಕಿದ ಬ್ಲೇಡ್ ಮಾಂಸವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಹೊಸಬರು ಯಂತ್ರ ತೊಳೆದು ಜೋಡಿಸಿದ ಮಾರನೆಯ ದಿನ ಮೊದಲು ನೋಡಬೇಕಾದ್ದು ಇದನ್ನೇ. ಮುಂದಿನ ಉಂಗುರ ಸಡಿಲವಿದ್ದರೂ ಫಲ ಅದೇ. ಒಂದು ಬ್ಲೇಡ್ ಒಂದು ಪ್ಲೇಟಿನ ಜೊತೆಯೇ ಸವೆದು ಕೂಡಿಕೊಳ್ಳುತ್ತದೆ, ಆದ್ದರಿಂದ ಜೋಡಿಗಳನ್ನು ಬೆರೆಸಬೇಡಿ. ಸಾಣೆ ಹಿಡಿಸುವಾಗಲೂ ಎರಡನ್ನೂ ಒಟ್ಟಿಗೆ ಕೊಡಿ.

ಯಂತ್ರ ಸರಿಯಿದ್ದರೆ ಉಳಿಯುವುದು ಬಿಸಿ. ಕೊಚ್ಚುವಾಗ ಮಾಂಸ 0ರಿಂದ 2 ಡಿಗ್ರಿಯಲ್ಲಿ, ಅಂಚು ಗಟ್ಟಿಯಾಗುವಷ್ಟು ತಣ್ಣಗಿರಲಿ. ನೆಣ ಅದಕ್ಕಿಂತಲೂ ತಣ್ಣಗೆ, ಅರೆ ಹೆಪ್ಪುಗಟ್ಟಿರಲಿ. ಬ್ಲೇಡ್, ಪ್ಲೇಟ್, ಒಳಗಿನ ಸ್ಕ್ರೂ ಎಲ್ಲವನ್ನೂ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಕೀಮಾ ಬೀಳುವ ಪಾತ್ರೆಯ ಕೆಳಗೆ ಐಸ್ ಇರಲಿ. ಎರಡು ಸಲ ಕೊಚ್ಚುವುದಿದ್ದರೆ, ಮೊದಲು 8 ಮಿಲಿಮೀಟರ್ ಪ್ಲೇಟ್, ಆಮೇಲೆ 4.5, ನಡುವೆ ಮತ್ತೆ ತಣ್ಣಗಾಗಿಸುವುದನ್ನು ತಪ್ಪಿಸಬೇಡಿ. ಕಲಸಿ ಮುಗಿಸಿದಾಗ ಮಿಶ್ರಣ 7 ಡಿಗ್ರಿಯ ಒಳಗಿರಬೇಕು. 12 ದಾಟಿದರೆ ಸಾಧಾರಣವಾಗಿ ದೋಷ ಖಚಿತ. ಕರಗಿ ಮೆತ್ತಿಕೊಂಡ ನೆಣವನ್ನು ಮತ್ತೆ ತಣ್ಣಗಾಗಿಸಿದರೆ ಅದು ಕಾಳಾಗಿ ಹಿಂತಿರುಗುವುದಿಲ್ಲ. ಆ ಮಿಶ್ರಣವನ್ನು ಸಾಸೇಜ್ ಮಾಡದೆ ಅದೇ ದಿನ ಪೂರ್ತಿ ಬೇಯಿಸಿ, ಸಾರಿಗೋ ಗ್ರೇವಿಗೋ ಬಳಸಿ.

ಯಾವ ನೆಣ ಎಂಬುದೂ ಮುಖ್ಯ. ಹಂದಿಯ ಬೆನ್ನಿನ ನೆಣ ಗಟ್ಟಿ, ಕಾಳು ಕಾಳಾಗಿ ನಿಲ್ಲುತ್ತದೆ. ಹೊಟ್ಟೆಯೊಳಗಿನ ನೆಣ ಸಾಸೇಜ್‌ಗೆ ಬೇಡ. ಕೋಳಿಯ ನೆಣ ಹಂದಿಯದಕ್ಕಿಂತ ಮೃದು, ಆದ್ದರಿಂದ ಕೋಳಿ ಸಾಸೇಜ್‌ಗೆ ತೊಡೆಯ ಮಾಂಸವನ್ನು ಚರ್ಮದೊಂದಿಗೆ ಹೆಪ್ಪುಗಟ್ಟುವ ಹಂತಕ್ಕೆ ತಂದೇ ಕೊಚ್ಚಿ. ಕುರಿ ಮತ್ತು ದನದ ನೆಣದ ಕಷ್ಟ ತದ್ವಿರುದ್ಧ. ಅವು ಹೆಚ್ಚು ಶಾಖಕ್ಕೆ ಕರಗುತ್ತವೆ, ತಟ್ಟೆಯಲ್ಲಿ ಆರಿದೊಡನೆ ಅಂಗುಳಿಗೆ ಮೇಣದಂತೆ ಹತ್ತುತ್ತವೆ. ಅಲ್ಲಿ ಒಟ್ಟು ನೆಣವನ್ನು ಶೇ 20ರ ಹತ್ತಿರ ಇಳಿಸಿ, ಬಿಸಿ ತಟ್ಟೆಯಲ್ಲಿ ಬಡಿಸಿ.

ಮೆತ್ತಗೆ ಹಿಟ್ಟಾಗುವುದು, ಅಥವಾ ಪುಟಿಯುವಷ್ಟು ಗಟ್ಟಿ

ಸಾಸೇಜ್ ಮೃದುವಲ್ಲ, ಪೇಸ್ಟಿನಂತಿದೆ ಎಂದಾಗ ಮೊದಲು ಮಸಾಲೆ ಪಟ್ಟಿ ನೋಡಿ. ಹಸಿ ಶುಂಠಿ, ಪರಂಗಿ, ಅನಾನಸ್ ಇವುಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದ ಮಿಶ್ರಣದಲ್ಲಿ ಅವು ಸದ್ದಿಲ್ಲದೆ ಅಂಟನ್ನೇ ತಿಂದುಹಾಕುತ್ತವೆ. ಅದೇ ದಿನ ಬೇಯಿಸಿದ್ದು ಚೆನ್ನಾಗಿತ್ತು, ಮಾರನೆಯ ದಿನದ್ದು ಹಿಟ್ಟಾಯಿತು ಎಂದರೆ ಅನುಮಾನವೇ ಬೇಡ. ಶುಂಠಿಯನ್ನು ಬಾಡಿಸಿ ತಣ್ಣಗಾಗಿಸಿ ಹಾಕಿ, ಇಲ್ಲವೇ ಒಣಶುಂಠಿ ಪುಡಿ ಬಳಸಿ. ವಿನೆಗರ್, ನಿಂಬೆ, ವೈನ್‌ನ ಹುಳಿಯೂ ಬೇರೊಂದು ದಾರಿಯಲ್ಲಿ ಅಂಟು ಕೆಡಿಸುತ್ತದೆ. ಅಂಟು ಪೂರ್ತಿ ಬಂದ ಮೇಲೆ, ಕೊನೆಯಲ್ಲಿ, ತಣ್ಣಗೆ, ಸ್ವಲ್ಪವೇ ಹಾಕಬೇಕು.

ಪುಟಿಯುವಷ್ಟು ಗಟ್ಟಿಯಾಗಿದ್ದರೆ ಹೆಚ್ಚು ಕಲಸಿದ್ದೀರಿ, ಇಲ್ಲವೇ ನೆಣವೂ ನೀರೂ ಕಡಿಮೆ. ಇದು ಸುಲಭವಾಗಿ ಸರಿಹೋಗುವ ದೋಷ.

ಕೇಸಿಂಗ್: ಹರಿಯದಿರುವುದು, ಒಡೆಯುವುದು, ಸುಕ್ಕುಗಟ್ಟುವುದು

ಕೇಸಿಂಗ್ ಆಗಿ ಬಳಸುವ, ಉಪ್ಪಿನಲ್ಲಿಟ್ಟು ಬರುವ ಕರುಳನ್ನು ಮೊದಲು ಹೊರಗೆ ತೊಳೆದು, ಉಗುರುಬೆಚ್ಚಗಿನ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ, ದಪ್ಪಗಿದ್ದರೆ ಎರಡು ಗಂಟೆ ನೆನೆಸಿ, ಒಂದು ತುದಿಯನ್ನು ನಲ್ಲಿಗೆ ಹಿಡಿದು ಒಳಗೂ ನೀರು ಹಾಯಿಸಿ. ತೂತಿದ್ದರೆ ಆಗಲೇ ಕಾಣುತ್ತದೆ. ನೀರು ಕೈಸುಡುವಷ್ಟು ಬಿಸಿಯಾದರೆ ಕರುಳು ಅಲ್ಲೇ ಬೆಂದು ಗಟ್ಟಿಯಾಗುತ್ತದೆ. ಜಗಿದರೂ ಹರಿಯದ ಹೊದಿಕೆಗೆ ಒಂದು ಕಾರಣ ಇದು, ಇನ್ನೊಂದು ಸಾಕಷ್ಟು ನೆನೆಯದಿರುವುದು. ಪ್ರಾಣಿಗಳ ಚರ್ಮದ ಪ್ರೋಟೀನಿನಿಂದ ಮಾಡಿದ, ತಿನ್ನಬಹುದಾದ ಕೊಲಾಜೆನ್ ಕೇಸಿಂಗ್‌ನ ಬಗೆ ಬೇರೆ. ಹಸಿ ಸಾಸೇಜ್‌ಗೆಂದು ಮಾಡಿದ್ದನ್ನು ನೆನೆಸದೆ ಒಣದಾಗಿಯೇ ತುಂಬುವ ಯಂತ್ರದ ನಳಿಕೆಗೆ ಏರಿಸುತ್ತಾರೆ. ಎರಡನ್ನೂ ಬಳಸುವ ಅಡುಗೆಮನೆಯಲ್ಲಿ ಒಂದರ ಪದ್ಧತಿ ಇನ್ನೊಂದಕ್ಕೆ ಹತ್ತಿ ಕೆಡುವುದು ಸಾಮಾನ್ಯ.

ಒಡೆಯುವುದಕ್ಕೆ ಎರಡೇ ಕಾರಣ, ಬಿಗಿ ಮತ್ತು ಉರಿ. ತುಂಬಿದ ಉದ್ದನೆಯ ಸಾಸೇಜನ್ನು ಹೆಬ್ಬೆರಳು ತೋರುಬೆರಳಲ್ಲಿ ಒತ್ತಿದಾಗ ಬೆರಳು ಸ್ವಲ್ಪ ಒಳಹೋಗಬೇಕು. ತಿರುಚಿ ಗಂಟು ಮಾಡುವಾಗ ಬಿಗಿ ತಾನಾಗಿಯೇ ಏರುತ್ತದೆ. ಗಾಳಿಗುಳ್ಳೆ ಕಂಡಲ್ಲಿ ಸಣ್ಣ ಸೂಜಿಯಿಂದ ಚುಚ್ಚಿ, ಬೇಯಿಸುವಾಗ ಮುಳ್ಳುಚಮಚದಿಂದ ಚುಚ್ಚಬೇಡಿ, ಅದು ರಸಕ್ಕೆ ಬಾಗಿಲು ತೆರೆದಂತೆ. ಗಾಳಿಗುಳ್ಳೆ ಬಹಳವಾದರೆ ಮಿಶ್ರಣ ತುಂಬುವ ಮೊದಲೇ ಬಿಗಿದುಕೊಂಡಿದೆ. ಉಪ್ಪು ಹಾಕಿ ಕಲಸಿದ್ದನ್ನು ಫ್ರಿಜ್‌ನಲ್ಲಿಟ್ಟು ಮಾರನೆಯ ದಿನ ತುಂಬಿದರೆ ಹೀಗಾಗುತ್ತದೆ. ಕಲಸಿದ ಗಂಟೆಯೊಳಗೆ ತುಂಬಿ. ತುಂಬುವ ಯಂತ್ರಕ್ಕೆ (ಸ್ಟಫರ್) ಹಾಕುವಾಗ ಮುಷ್ಟಿಯಷ್ಟು ಉಂಡೆ ಮಾಡಿ ಒತ್ತಿ ಕೂರಿಸಿ. ತುಂಬಿದ ಮೇಲೆ ಒಂದು ರಾತ್ರಿ ಮುಚ್ಚದೆ ಫ್ರಿಜ್‌ನಲ್ಲಿಡಿ. ಕೇಸಿಂಗ್ ಒಣಗಿ ಮಾಂಸಕ್ಕೆ ಹತ್ತಿಕೊಳ್ಳುತ್ತದೆ, ಗ್ರಿಲ್ ಮೇಲೆ ಸಮನಾಗಿ ಬಣ್ಣ ಬರುತ್ತದೆ.

ಸುಕ್ಕು ಹೆಚ್ಚಾಗಿ ಹೊಗೆಯಾಡಿಸಿದ ಸಾಸೇಜ್‌ನ ತೊಂದರೆ. ಹೊಗೆಗೂಡಿನಿಂದ ತೆಗೆದೊಡನೆ ತಣ್ಣೀರು ಚಿಮುಕಿಸಿ ಬೇಗ ತಣ್ಣಗಾಗಿಸಿದರೆ ಮೈ ನುಣುಪಾಗಿ ಉಳಿಯುತ್ತದೆ. ಹೊಗೆ ಕಹಿಯಾಗಿ ಮಸಿಯಂತೆ ಹತ್ತಿದ್ದರೆ ಮೈ ಒದ್ದೆಯಿದ್ದಾಗಲೇ ಹೊಗೆ ಕೊಟ್ಟಿದ್ದೀರಿ. ಗೂಡಿನ ಶಾಖವನ್ನು ಮೆಲ್ಲಗೆ ಏರಿಸಿ, 80 ದಾಟಿಸಬೇಡಿ. ದಾಟಿದರೆ ನೆಣ ಕೆಳಗೆ ತೊಟ್ಟಿಕ್ಕುತ್ತದೆ.

ಬಣ್ಣದ ಗೊಂದಲ, ಮತ್ತು ಬಿಸಾಡಲೇಬೇಕಾದ ಹೊತ್ತು

ಬಣ್ಣ ನೋಡಿ ಬೆಂದಿದೆಯೇ ಎಂದು ತೀರ್ಮಾನಿಸುವ ಅಭ್ಯಾಸವನ್ನು ಅಡುಗೆಮನೆಯಿಂದ ಹೊರಹಾಕಬೇಕು. ಕೊಚ್ಚಿದ ಮಾಂಸ ಪೂರ್ತಿ ಬೇಯುವ ಮೊದಲೇ ಕಂದಾಗಬಹುದು. ಹೊಗೆಯಿಂದಾಗಿ ಅಥವಾ ಸೊಪ್ಪಿನಲ್ಲಿರುವ ನೈಟ್ರೇಟ್‌ನಿಂದಾಗಿ ಪೂರ್ತಿ ಬೆಂದ ಮೇಲೂ ಗುಲಾಬಿಯಾಗಿ ಉಳಿಯಬಹುದು. ಥರ್ಮಾಮೀಟರನ್ನು ತುದಿಯಿಂದ ಉದ್ದಕ್ಕೆ ಚುಚ್ಚಿ ನಡುಭಾಗ ಅಳೆಯಿರಿ, ಅದೊಂದೇ ಸಾಕ್ಷಿ. ಹಸಿ ಸಾಸೇಜ್ ಫ್ರಿಜ್‌ನಲ್ಲಿ ಮೇಲ್ಮೈ ಕಂದಾಗುವುದು ಗಾಳಿಯ ಕೆಲಸ. ಲೋಳೆ ಕಟ್ಟಿದ್ದರೆ, ಹುಳಿವಾಸನೆ ಬಂದರೆ ಬಿಸಾಡಿ. ಬೆಳ್ಳುಳ್ಳಿ ಹುಳಿ ತಾಗಿ ಹಸಿರು ನೀಲಿ ಚುಕ್ಕೆಯಾಗುವುದು ನಿರುಪದ್ರವಿ. ಆದರೆ ನೈಟ್ರೈಟ್ (ಮಾಂಸ ಕೆಡದಂತೆ ಹಾಕುವ ಲವಣ) ಹಾಕಿದ ಸಾಸೇಜ್ ಕತ್ತರಿಸಿದಾಗ ನಡುವೆ ಹಸಿರು ಮಚ್ಚೆ ಕಂಡರೆ ಅದು ಬ್ಯಾಕ್ಟೀರಿಯಾದ ಕೆಲಸ, ಶಾಖ ನಡುಭಾಗಕ್ಕೆ ಮುಟ್ಟಿಲ್ಲ. ಆ ಸಲ ಮಾಡಿದ ಇಡೀ ಕಂತನ್ನು ಬಿಸಾಡಿ.

ನೈಟ್ರೈಟ್ ವಿಷಯದಲ್ಲಿ ಅಂದಾಜು ಕೂಡದು. ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಹೊಗೆಯಾಡಿಸುವ ಸಾಸೇಜ್‌ಗೆ ಅದು ಬೇಕೇ ಬೇಕು. ಗಾಳಿಯಿಲ್ಲದ ಬೆಚ್ಚಗಿನ ಒಳಭಾಗದಲ್ಲಿ ಬೊಟುಲಿಸಂ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದು ಅದೇ. ಶೇ 6.25 ಸೋಡಿಯಂ ನೈಟ್ರೈಟ್ ಇರುವ ಗುಲಾಬಿ ಬಣ್ಣದ ಕ್ಯೂರಿಂಗ್ ಉಪ್ಪಾದರೆ ಕಿಲೋಗೆ 2.5 ಗ್ರಾಂ, ಅಂದರೆ ಕಿಲೋಗೆ 156 ಮಿಲಿಗ್ರಾಂ ನೈಟ್ರೈಟ್. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲೇ ತೂಗಿ. ಅದರಲ್ಲಿ 2.3 ಗ್ರಾಂ ಸಾದಾ ಉಪ್ಪೇ ಇರುವುದರಿಂದ ಮುಖ್ಯ ಉಪ್ಪಿನಲ್ಲಿ ಅಷ್ಟನ್ನು ಕಳೆಯಿರಿ. ಕೂಡಲೇ ಗ್ರಿಲ್ ಮಾಡುವ ಹಸಿ ಸಾಸೇಜ್‌ಗೆ ಅದು ಬೇಡ.

ದೋಷ ಮೆನುವಿನಲ್ಲಿದ್ದಾಗ

ಮೇಲಿನದೆಲ್ಲ ಸರಿಮಾಡಿದ ಮೇಲೂ ದೂರು ನಿಲ್ಲದಿದ್ದರೆ ಮೆನು ಹಾಳೆಯನ್ನು ಎದುರಿಗಿಟ್ಟುಕೊಳ್ಳಿ. ಎಂಟು ಬಗೆ ಸಾಸೇಜ್ ಇದೆ ಎಂದುಕೊಳ್ಳೋಣ. ಪ್ರತಿಯೊಂದನ್ನೂ ಒಂದೆರಡು ಕಿಲೋ ಮಾತ್ರ ಮಾಡಬೇಕಾಗುತ್ತದೆ. ದೊಡ್ಡ ಮಿಕ್ಸರ್‌ನಲ್ಲಿ ಅಷ್ಟು ಕಡಿಮೆ ಮಾಂಸ ಪ್ಯಾಡಲ್‌ಗೆ ಸಿಗದೆ ಗೋಡೆಗೆ ಅಂಟಿ ನಿಲ್ಲುತ್ತದೆ, ಅಂಟು ಬರುವುದಿಲ್ಲ. 30 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಒಳವ್ಯಾಸದ ನಳಿಕೆಯಲ್ಲೇ ಪ್ರತಿ ಸಲ ಸುಮಾರು 95 ಗ್ರಾಂ ಉಳಿಯುತ್ತದೆ. ಐದು ಕಿಲೋಗೆ ಅದು ಲೆಕ್ಕಕ್ಕಿಲ್ಲ, ಒಂದು ಕಿಲೋಗೆ ಹತ್ತರಲ್ಲೊಂದು ಭಾಗ. ಪ್ರತಿ ಬದಲಾವಣೆಗೂ ಯಂತ್ರ ತೊಳೆಯಬೇಕು, ಬಿಸಿನೀರಿನಲ್ಲಿ ತೊಳೆದ ಗ್ರೈಂಡರನ್ನು ಮತ್ತೆ ತಣ್ಣಗಾಗಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬಿಸಿ ಗ್ರೈಂಡರ್, ಮೆತ್ತಿಕೊಂಡ ನೆಣ, ಪುಡಿಪುಡಿ ಸಾಸೇಜ್. ಇಲ್ಲಿ ಕೆಲಸಗಾರರ ಅಜಾಗರೂಕತೆ ಏನೂ ಇಲ್ಲ, ಅವರಿಗೆ ಕೊಟ್ಟ ಪಟ್ಟಿಯೇ ಹಾಗಿದೆ.

ಗ್ರಿಲ್ ಮೇಲೂ ಇದೇ ಕಥೆ. 22 ಮಿಲಿಮೀಟರ್‌ನ ಕುರಿ ಕರುಳಿನ ಸಾಸೇಜ್ ಮತ್ತು 32 ಮಿಲಿಮೀಟರ್‌ನ ಹಂದಿ ಕರುಳಿನದು ಪಕ್ಕಪಕ್ಕ ಇದ್ದರೆ, ದಪ್ಪದ ನಡುಭಾಗಕ್ಕೆ ಶಾಖ ಮುಟ್ಟಲು ಸುಮಾರು ಎರಡು ಪಟ್ಟು ಹೊತ್ತು ಬೇಕು, ಏಕೆಂದರೆ ಹೊತ್ತು ಏರುವುದು ದಪ್ಪದ ವರ್ಗಕ್ಕೆ ತಕ್ಕಂತೆ. ಗದ್ದಲದ ಹೊತ್ತಿನಲ್ಲಿ ಎರಡನ್ನೂ ಒಟ್ಟಿಗೆ ತೆಗೆದರೆ ಒಂದು ಒಣಗಿರುತ್ತದೆ, ಇನ್ನೊಂದು ಹಸಿಯಿರುತ್ತದೆ. ಹಸಿ ಸಾಸೇಜ್ ಫ್ರಿಜ್‌ನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡುವಂಥದ್ದಲ್ಲ. ನಿಧಾನವಾಗಿ ಹೋಗುವ ಬಗೆಗಳು ಆ ಗಡಿಗೆ ಸದಾ ತಾಗಿಕೊಂಡೇ ಇರುತ್ತವೆ.

ಮೂರು ಬಗೆ ಸಾಕು, ಮೂರಕ್ಕೂ ಒಂದೇ ಮೂಲ ಮಿಶ್ರಣವಿರಲಿ. ಚೊಕ್ಕ ಭುಜದ ಮಾಂಸ 8 ಕಿಲೋ, ಬೆನ್ನಿನ ನೆಣ 2 ಕಿಲೋ, ಉಪ್ಪು 170 ಗ್ರಾಂ, ಕರಿಮೆಣಸಿನ ಪುಡಿ 25 ಗ್ರಾಂ, ಐಸ್ ನೀರು 700 ಗ್ರಾಂ. ಒಟ್ಟಿಗೆ ಕೊಚ್ಚಿ, ಮೂರು ಪಾಲು ಮಾಡಿ. ಒಂದಕ್ಕೆ ಬೆಳ್ಳುಳ್ಳಿ ಮತ್ತು ಕಿಲೋಗೆ 4 ಗ್ರಾಂ ಸೋಂಪು, ಒಂದಕ್ಕೆ ಜಾಯಿಕಾಯಿ ಮತ್ತು ಒಣ ಮಾರ್ಜೋರಂ ಎಂಬ ಪರಿಮಳದ ಸೊಪ್ಪು, ಒಂದಕ್ಕೆ ಒಣಮೆಣಸಿನಕಾಯಿ. ಸಪ್ಪೆಯದನ್ನು ಮೊದಲು ಕಲಸಿ ತುಂಬಿ, ಖಾರದ್ದನ್ನು ಕೊನೆಗೆ. ಆಗ ನಡುವೆ ಪೂರ್ತಿ ತೊಳೆಯದೆ ನಳಿಕೆ ಒರೆಸಿಕೊಂಡರೂ ನಡೆಯುತ್ತದೆ. ಬ್ರೆಡ್ ಪುಡಿ, ಹಾಲಿನ ಪುಡಿ, ಸಾಸಿವೆ ಬೀಳುವ ಬಗೆಯಿದ್ದರೆ ಅದು ಎಲ್ಲಕ್ಕಿಂತ ಕೊನೆಗೆ, ಅದಾದ ಮೇಲೆ ಯಂತ್ರವನ್ನು ಬಿಚ್ಚಿ ತೊಳೆಯಲೇಬೇಕು. ಆ ಪದಾರ್ಥ ಒಗ್ಗದವರಿಗೆ ಸ್ವಲ್ಪ ತಾಗಿದರೂ ಅಪಾಯ. ಮೂರಕ್ಕೂ ಒಂದೇ ದಪ್ಪದ ಕೇಸಿಂಗ್ ಬಳಸಿ. 32 ಮಿಲಿಮೀಟರ್‌ನದು ಮೀಟರ್‌ಗೆ ಸುಮಾರು 800 ಗ್ರಾಂ ಹಿಡಿಯುತ್ತದೆ, 15 ಸೆಂಟಿಮೀಟರ್‌ಗೆ ಒಂದು ಗಂಟು ಹಾಕಿದರೆ ಒಂದೊಂದೂ 120 ಗ್ರಾಂ ತೂಗುತ್ತದೆ.

ಗದ್ದಲದ ಹೊತ್ತಿಗೆ ಮುಂಚಿತವಾಗಿ ಬೇಯಿಸಿಡುವುದಾದರೆ ಅರೆಬರೆ ಬೇಯಿಸಬೇಡಿ. ನೀರಿನಲ್ಲಿ 71 ಡಿಗ್ರಿಗೆ ಪೂರ್ತಿ ಬೇಯಿಸಿ, ಐಸ್ ನೀರಿಗೆ ಹಾಕಿ, ಎರಡು ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಿ, ಒರೆಸಿ ಫ್ರಿಜ್‌ನಲ್ಲಿಡಿ. ಆರ್ಡರ್ ಬಂದಾಗ ಗ್ರಿಲ್ ಮೇಲೆ ಮಧ್ಯಮ ಉರಿಯಲ್ಲಿ ಬಣ್ಣ ಬರಿಸಿ, ಒಳಗೆ 74ಕ್ಕೆ ಬಿಸಿಮಾಡಿ.

ಪ್ರತಿ ಕಂತಿಗೂ ಒಂದು ಚೀಟಿ ಬರೆಯಿರಿ: ಮಾಂಸ ಬಂದ ಕಡೆ, ಉಪ್ಪಿನ ತೂಕ, ಕಲಸಿ ಮುಗಿಸಿದಾಗಿನ ಡಿಗ್ರಿ, ತುಂಬಿದ ದಿನ ಮತ್ತು ಹೊತ್ತು, ಮಾರಾಟವಾಗದೆ ಉಳಿದದ್ದು ಎಷ್ಟು. ಒಂದು ತಿಂಗಳ ಚೀಟಿಗಳನ್ನು ಹರಡಿ ನೋಡಿದಾಗ, ಡಿಗ್ರಿ ಹೆಚ್ಚಾದ ದಿನಗಳೂ ದೂರು ಬಂದ ದಿನಗಳೂ ಕೂಡುತ್ತವೆಯೇ ಎಂದು ಮೊದಲು ಹುಡುಕಿ. ಉಳಿಕೆ ಸದಾ ಹೆಚ್ಚಿರುವ ಬಗೆಯನ್ನು, ಅದು ಬಾಣಸಿಗರಿಗೆ ಎಷ್ಟೇ ಅಚ್ಚುಮೆಚ್ಚಿನದಾಗಿದ್ದರೂ, ಮೆನುವಿನಿಂದ ಮೊದಲು ತೆಗೆಯಿರಿ.